ಭರತಪುರವನ್ನು ಉಳಿಸಿದ ಸಲೀಂ ಅಲಿ, ಎಮ್ಮೆಗಳ ಲೆಕ್ಕದಲ್ಲಿ ಎಡವಿದ್ದು ಹೇಗೆ?

ರಾಜಸ್ಥಾನದ ಭರತಪುರದ ಕೇವಲಾದೇವ್ ಪಕ್ಷಿಧಾಮಕ್ಕೆ ದೆಹಲಿಯಿಂದ ಹೋಗಿ ಬಂದ ಕನ್ನಡಿಗರು ಅನೇಕರಿದ್ದಾರೆ. ಅಲ್ಲಿ ಹಕ್ಕಿ ನೋಡಬೇಕಾದರೆ ಕಾರು ಬಿಟ್ಟು ಸೈಕಲ್, ರಿಕ್ಷಾ ಅಥವಾ ಕಾಲ್ನಡಿಗೆಯಲ್ಲೇ ಸುತ್ತಬೇಕು. ಎಮ್ಮೆ, ದನಗಳನ್ನೂ ಒಳಗೆ ಮೇಯಲು ಬಿಡುವಂತಿಲ್ಲ. ಈ ಎರಡನೇ ನಿಯಮದ ಹಿಂದೆ ಪಕ್ಷಿತಜ್ಞ ಡಾ. ಸಲೀಂ ಅಲಿ ಅವರ ಬದುಕಿನ ಅಷ್ಟಾಗಿ ಚರ್ಚೆಯಾಗದ ಅಧ್ಯಾಯವೊಂದಿದೆ.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈನಲ್ಲಿ. ಎಳವೆಯಲ್ಲೇ ತಂದೆ-ತಾಯಿ ತೀರಿಕೊಂಡಿದ್ದರಿಂದ ಸೋದರಮಾವನ ಮನೆಯಲ್ಲಿ ಬೆಳೆದರು. ಏರ್‌ಗನ್‌ನಿಂದ ಹೊಡೆದ ಹಳದಿ ಕತ್ತಿನ ಗುಬ್ಬಚ್ಚಿಯೊಂದನ್ನು ಗುರುತಿಸಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ (ಬಿಎನ್‌ಎಚ್‌ಎಸ್) ಹೋದ ಹುಡುಗ, ಮುಂದೆ ಆ ಸಂಸ್ಥೆಯ ಜೀವಾಳವೇ ಆದರು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದವರು ಕಾವೇರಿಯ ನಡುಗಡ್ಡೆಗಳನ್ನು ನೋಡಿ ಸರ್ಕಾರದ ಗಮನ ಸೆಳೆದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಭರತಪುರದ ಕಥೆ ಇಷ್ಟು ಸಲೀಸಲ್ಲ. ಅದು ಮಹಾರಾಜರ ಬಾತುಕೋಳಿ ಬೇಟೆಯ ತಾಣ. 1938ರಲ್ಲಿ ವೈಸ್‌ರಾಯ್ ಲಿನ್ಲಿತ್‌ಗೋ ಬಂದಾಗ ಒಂದೇ ದಿನ ನಾಲ್ಕು ಸಾವಿರಕ್ಕೂ ಹೆಚ್ಚು ಹಕ್ಕಿಗಳು ಗುಂಡಿಗೆ ಬಲಿಯಾಗಿದ್ದವು. ಸ್ವಾತಂತ್ರ್ಯಾನಂತರ ಕೆರೆಯ ನೀರು ಬಸಿದು ಜಾಗವನ್ನು ಉಳುಮೆಗೆ ಕೊಡಬೇಕೆಂಬ ಒತ್ತಡ ಬಂತು. ಆಗ ಸಲೀಂ ಅಲಿ ಪ್ರಧಾನಿ ನೆಹರೂ ಅವರವರೆಗೆ ಹೋಗಿ ಅದನ್ನು ಉಳಿಸಿಕೊಂಡರು.

ಸುಮಾರು 29 ಚದರ ಕಿ.ಮೀ. ವಿಸ್ತಾರದ ಆ ಜೌಗು ನೆಲದಲ್ಲಿ ಸುತ್ತಲಿನ ಹಳ್ಳಿಗಳ ಎಮ್ಮೆಗಳು ತಲೆಮಾರುಗಳಿಂದ ಮೇಯುತ್ತಿದ್ದವು. ಜಾನುವಾರುಗಳ ತುಳಿತದಿಂದ ಹಕ್ಕಿಗಳ ನೆಲೆ ಹಾಳಾಗುತ್ತದೆ, ಅವನ್ನು ಹೊರಗಿಡಬೇಕು ಎಂಬುದು ಸಲೀಂ ಅಲಿ ಅವರ ದೃಢ ನಿಲುವಾಗಿತ್ತು. ರಾಷ್ಟ್ರೀಯ ಉದ್ಯಾನವಾದ ಬೆನ್ನಲ್ಲೇ, 1982ರ ನವೆಂಬರ್‌ನಲ್ಲಿ ಮೇಯಿಸುವುದನ್ನು ನಿಷೇಧಿಸಲಾಯಿತು. ಬದಲಿ ಮೇವಿನ ವ್ಯವಸ್ಥೆ ಸರಿಯಾಗಿ ಆಗಿರಲಿಲ್ಲ. ಪ್ರತಿಭಟಿಸಿದ ಗ್ರಾಮಸ್ಥರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಪ್ರಾಣ ಕಳೆದುಕೊಂಡರು. ಪಕ್ಷಿಧಾಮದ ಸಾಧನೆಗಳನ್ನು ಹೊಗಳುವ ಬರಹಗಳಲ್ಲಿ ಈ ಸಾವುಗಳ ಪ್ರಸ್ತಾಪ ಸಿಗುವುದೇ ಅಪರೂಪ.

ಅಚ್ಚರಿ ಇರುವುದು ಮುಂದೆ. ಎಮ್ಮೆ ಹೋದ ಮೇಲೆ ನೀರಲ್ಲಿ ಬೆಳೆಯುವ ಒಂದು ಜಾತಿಯ ಹುಲ್ಲು ಎಗ್ಗಿಲ್ಲದೆ ಹಬ್ಬಿತು. ತೆರೆದ ನೀರಿನ ಜಾಗ ಕುಗ್ಗಿತು. ಬಾತುಕೋಳಿಗಳಿಗೆ ಈಜಲು, ಸೈಬೀರಿಯನ್ ಕ್ರೇನ್‌ಗಳಿಗೆ ಕೆಸರಲ್ಲಿ ಗೆಡ್ಡೆ ಕೆದಕಲು ಕಷ್ಟವಾಯಿತು. ಇದನ್ನು ದಾಖಲಿಸಿದ್ದು ವಿರೋಧಿಗಳಲ್ಲ, ಸಲೀಂ ಅಲಿ ಅವರದೇ ಬಿಎನ್‌ಎಚ್‌ಎಸ್. ವಿ.ಎಸ್. ವಿಜಯನ್ ನೇತೃತ್ವದಲ್ಲಿ 1980ರಿಂದ ಸುಮಾರು ಹತ್ತು ವರ್ಷ ನಡೆದ ಅಧ್ಯಯನ, ಹುಲ್ಲನ್ನು ಹತೋಟಿಯಲ್ಲಿಟ್ಟಿದ್ದು ಎಮ್ಮೆಗಳೇ ಎಂದು ತೋರಿಸಿತು.

ಹಾಗಂತ ಮೇವು ಎಲ್ಲೆಡೆ ಒಳ್ಳೆಯದೇ ಎಂದು ಹೇಳಲಾಗದು. ಜಾನುವಾರುಗಳ ದಟ್ಟಣೆಗೆ ಸೊರಗಿದ ಹುಲ್ಲುಗಾವಲುಗಳು ದೇಶದಲ್ಲಿ ಬೇಕಾದಷ್ಟಿವೆ. ಆದರೆ ಒಂದು ಕೆರೆಯ ಲೆಕ್ಕ ತಿಳಿಯಲು ಅದನ್ನೇ ಅಳೆಯಬೇಕಿತ್ತು. ಆ ಕೆಲಸಕ್ಕೆ ಸ್ವತಃ ಸಲೀಂ ಅಲಿ ಬೆಂಬಲವಾಗಿ ನಿಂತಿದ್ದರು ಎಂಬುದೂ ನಿಜ.

1985ರಲ್ಲಿ ಕೇವಲಾದೇವ್ ವಿಶ್ವ ಪರಂಪರೆ ತಾಣವಾಯಿತು. 1987ರ ಜೂನ್ 20ರಂದು, 90ನೇ ವಯಸ್ಸಿನಲ್ಲಿ ಸಲೀಂ ಅಲಿ ಮುಂಬೈನಲ್ಲಿ ನಿಧನರಾದರು. ಅಧ್ಯಯನದ ಅಂತಿಮ ವರದಿ ಬಂದಾಗ ಅವರಿರಲಿಲ್ಲ. ರಾಷ್ಟ್ರೀಯ ಉದ್ಯಾನದಲ್ಲಿ ಜಾನುವಾರು ಮೇಯಿಸಲು ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಹೀಗಾಗಿ ವರದಿ ಬಂದರೂ ನಿಷೇಧ ತೆರವಾಗಲಿಲ್ಲ. ಒಳಗೆ ಹೋಗಿ ಹುಲ್ಲು ಕೊಯ್ದು ಹೊತ್ತು ತರಲು ಮಾತ್ರ ಸುತ್ತಲಿನ ಹಳ್ಳಿಯವರಿಗೆ ಅವಕಾಶ ಸಿಕ್ಕಿತು.