ಸೀಸೆಯ ಮಡ್ಡಿ ಕಳೆದ ವಿಧವೆ

ಷಾಂಪೇನ್ ಎಂಬ ನೊರೆಯುಕ್ಕುವ ದ್ರಾಕ್ಷಾಮದ್ಯದ ಹೆಸರು ಕೇಳದವರು ವಿರಳ. ರುಚಿ ಕಂಡವರು ನಮ್ಮ ಓದುಗರಲ್ಲಿ ಹೆಚ್ಚಿರಲಾರರು, ನಾವೂ ಕಂಡವರಲ್ಲ. ಆದರೆ ಅದು ಗ್ಲಾಸಿನಲ್ಲಿ ತಿಳಿಯಾಗಿ ನಿಲ್ಲಲು ಕಾರಣಳಾದ ಹೆಂಗಸಿನ ಬಾಳು ತಿಳಿಯತಕ್ಕದ್ದು.

ಬಾರ್ಬ್ ನಿಕೋಲ್ 1777ರಲ್ಲಿ ಫ್ರಾನ್ಸಿನ ರೀಮ್ಸ್ ಪಟ್ಟಣದ ಸಿರಿವಂತ ಜವಳಿ ಉದ್ಯಮಿಯ ಮಗಳಾಗಿ ಹುಟ್ಟಿದಳು. 1798ರಲ್ಲಿ ಫ್ರಾಂಸ್ವಾ ಕ್ಲಿಕೋ ಎಂಬವನ ಕೈಹಿಡಿದಳು. 1805ರಲ್ಲಿ ಗಂಡ ತೀರಿಕೊಂಡಾಗ ಆಕೆಗೆ 27 ವರ್ಷ, ಮಡಿಲಲ್ಲಿ ಪುಟ್ಟ ಮಗಳು. ಮದ್ಯದ ವ್ಯಾಪಾರವನ್ನು ಮುಚ್ಚಿಬಿಡುವ ಯೋಚನೆ ಮಾವನದು. ಗಂಡನಿದ್ದವಳು ಸ್ವತಂತ್ರವಾಗಿ ವ್ಯವಹಾರ ನಡೆಸಲು ಅಂದಿನ ಫ್ರೆಂಚ್ ಕಾನೂನು ಅಡ್ಡಿಯಾಗಿತ್ತು. ವಿಧವೆಗೆ ಆ ಅಡ್ಡಿಯಿರಲಿಲ್ಲ. ಆಕೆ ಮಾವನನ್ನು ಒಪ್ಪಿಸಿ ವ್ಯಾಪಾರವನ್ನು ವಹಿಸಿಕೊಂಡಳು. ಸಂಸ್ಥೆಯ ಹೆಸರೇ 'ವೊವ್ ಕ್ಲಿಕೋ', ಅಂದರೆ ವಿಧವೆ ಕ್ಲಿಕೋ, ಎಂದಾಯಿತು. ಶುಭಕಾರ್ಯಕ್ಕೆ ವಿಧವೆ ಎದುರಾಗಬಾರದೆಂಬ ಮಾತು ಕೇಳಿ ಬೆಳೆದ ನಮಗೆ, ಮದುವೆಯೂಟದ ಸೀಸೆಯ ಮೇಲೆ ಆ ಶಬ್ದವಿರುವುದು ಸೋಜಿಗವೇ ಸರಿ.

ನೆಪೋಲಿಯನ್ನನ ಯುದ್ಧಗಳು ವ್ಯಾಪಾರದ ಬೆನ್ನು ಮುರಿದಿದ್ದವು. 1814ರಲ್ಲಿ ಆಕೆ ಹತ್ತು ಸಾವಿರಕ್ಕೂ ಮಿಕ್ಕಿ ಸೀಸೆಗಳನ್ನು ಇತರರಿಗಿಂತ ಮೊದಲೇ, ಗುಟ್ಟಾಗಿ, ರಷ್ಯದ ಕಡೆಗೆ ಹಡಗು ಹತ್ತಿಸಿ ಗೆದ್ದಳು.

ಆದರೆ ಆಕೆಯ ನಿಜವಾದ ಗೆಲುವು ನೆಲಮಾಳಿಗೆಯಲ್ಲಿ ಆದದ್ದು. ಷಾಂಪೇನು ಸೀಸೆಯೊಳಗೇ ಎರಡನೆಯ ಸಲ ಹುದುಗುತ್ತದೆ. ಗುಳ್ಳೆ ಬರುವುದು ಅದರಿಂದಲೇ. ಸತ್ತ ಯೀಸ್ಟಿನ ಮಡ್ಡಿ ತಳದಲ್ಲಿ ಉಳಿಯುವುದೂ ಅದರಿಂದಲೇ. ಬೇರೆ ಸೀಸೆಗೆ ಬಗ್ಗಿಸಿದರೆ ಮಡ್ಡಿಯೊಡನೆ ಗುಳ್ಳೆಯೂ ಹೋಯಿತು. ಹಾಗೆಯೇ ಬಿಟ್ಟರೆ ಕದಡಿದ ನೀರಿನಂಥ ಪಾನೀಯ. ಅದನ್ನು ಎಂಥ ಚಂದದ ಗ್ಲಾಸಿಗೆ ಸುರಿದರೇನು? 1816ರ ಸುಮಾರಿಗೆ ಆಕೆ ಮೇಜಿನ ಹಲಗೆಗೆ ತೂತು ಕೊರೆಸಿ, ಸೀಸೆಗಳನ್ನು ಕತ್ತು ಕೆಳಗಾಗಿ ನಿಲ್ಲಿಸಿದಳು. ಮೇಸ್ತ್ರಿ ಆಂಟ್ವಾನ್ ಮುಲ್ಲರ್ ಜತೆಗಿದ್ದ. ದಿನವೂ ಒಂದಿಷ್ಟು ತಿರುಗಿಸುತ್ತ ಬಂದರೆ ಕೆಲವು ವಾರಗಳಲ್ಲಿ ಮಡ್ಡಿಯೆಲ್ಲ ಬಿರಡೆಯ ಬಳಿಗೆ ಇಳಿಯುತ್ತಿತ್ತು. ಬಿರಡೆ ತೆಗೆದೊಡನೆ ಒಳಗಿನ ಒತ್ತಡವೇ ಅದನ್ನು ಹೊರಕ್ಕೆ ಚಿಮ್ಮಿಸುತ್ತಿತ್ತು.

ಹೀಗೆ ಮದ್ಯ ತಿಳಿಯಾದ ಮೇಲೆ ಗ್ಲಾಸಿನ ಆಕಾರಕ್ಕೂ ಬೆಲೆ ಬಂತು. ಕೊಳಲಿನಂತೆ ಉದ್ದವಾದ ಗ್ಲಾಸಿನಲ್ಲಿ ಗುಳ್ಳೆಗಳು ಸಾಲುಕಟ್ಟಿ ಏರುವುದು ಕಣ್ಣಿಗೆ ಹಬ್ಬ. ಆದರೆ ಷೋಕಿಗೆ ಬುದ್ಧಿಯಿಲ್ಲ. 1866ರಲ್ಲಿ ಬೂರ್ಸೋ ಊರಿನ ತನ್ನ ಮಹಲಿನಲ್ಲಿ, 88ರ ವಯಸ್ಸಿನಲ್ಲಿ ಆಕೆ ತೀರಿಕೊಳ್ಳುವ ಹೊತ್ತಿಗೆ ತಟ್ಟೆಯಂಥ ಅಗಲ ಬಾಯಿಯ ಗ್ಲಾಸು ಮೆರೆಯುತ್ತಿತ್ತು. ಅಷ್ಟು ಪಾಡುಪಟ್ಟು ಉಳಿಸಿದ ಗುಳ್ಳೆ ಅದರಲ್ಲಿ ಬೇಗನೆ ಹಾರಿಹೋಗುತ್ತದೆ. ಆಕೆಯ ಊರಾದ ರೀಮ್ಸಿನ ವಿಶ್ವವಿದ್ಯಾಲಯದಲ್ಲೇ ಭೌತವಿಜ್ಞಾನಿ ಜೆರಾರ್ ಲಿಜೆ ಬೆಲೇರ್ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದ್ದಾರೆ. ಉದ್ದ ಗ್ಲಾಸಿಗೂ ಕುಂದಿದೆ: ಇಂಗಾಲದ ಅನಿಲ ಬಾಯಿಯ ಬಳಿ ಒತ್ತಾಗಿ ನಿಂತು ಮೂಗಿಗೆ ಚುರುಕು ಮುಟ್ಟಿಸುತ್ತದೆ, ಪರಿಮಳ ತಿಳಿಯಗೊಡುವುದಿಲ್ಲ. ಆದುದರಿಂದ ಈಗ ಬಲ್ಲವರು ಹೊಟ್ಟೆ ತುಸು ಉಬ್ಬಿ ಬಾಯಿ ಕಿರಿದಾದ, ಟ್ಯೂಲಿಪ್ ಹೂವಿನಂಥ ಗ್ಲಾಸನ್ನು ಮೆಚ್ಚುತ್ತಾರೆ. ಅದನ್ನೂ ಬಟ್ಟೆಯಿಂದ ಒರೆಸಿಡುವುದೇ ಲೇಸಂತೆ: ಒಳಗೆ ಅಂಟಿದ ನೂಲಿನ ಸಣ್ಣ ಎಳೆಗಳಿಂದಲೇ ಗುಳ್ಳೆಗಳು ಹುಟ್ಟುತ್ತವೆ.