ಟಾಮ್ ಕಿಲ್ಬರ್ನ್: ವರ್ಚುವಲ್ ಮೆಮೊರಿಯನ್ನು ನಿಜವಾಗಿಸಿದ ವಿಜ್ಞಾನಿ

ವರ್ಚುವಲ್ ಮೆಮೊರಿ ಹೆಚ್ಚಿಸಿದರೆ ಹಳೆಯ ಕಂಪ್ಯೂಟರ್ ವೇಗವಾಗುತ್ತದೆಯೇ? ಅಥಣಿ ತಾಲ್ಲೂಕಿನ ಐಗಳಿಯ ಅಂಗಡಿಯಲ್ಲಿರಲಿ, ಬೆಂಗಳೂರಿನ ಕಚೇರಿಯಲ್ಲಿರಲಿ, ಕಂಪ್ಯೂಟರ್ ನಿಧಾನವಾದರೆ ಯಾರಾದರೊಬ್ಬರು ಈ ಸಲಹೆ ಕೊಡುತ್ತಾರೆ. ಅದು ಎಷ್ಟು ಸರಿ ಎಂದು ತಿಳಿಯಲು, ಈ ವ್ಯವಸ್ಥೆಯನ್ನು ಮೊದಲು ಯಂತ್ರದಲ್ಲಿ ಅಳವಡಿಸಿದ ತಂಡದ ನಾಯಕ ಟಾಮ್ ಕಿಲ್ಬರ್ನ್ ಅವರ ಬದುಕನ್ನು ನೋಡೋಣ.

ಕಿಲ್ಬರ್ನ್ 1921ರಲ್ಲಿ ಇಂಗ್ಲೆಂಡಿನ ಡ್ಯೂಸ್‌ಬರಿಯಲ್ಲಿ ಹುಟ್ಟಿದರು. ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ಸಂಶೋಧನಾ ಕೇಂದ್ರ ಸೇರಿದರು. ಅಲ್ಲಿ ಫ್ರೆಡ್ಡಿ ವಿಲಿಯಮ್ಸ್ ಅವರ ಜೊತೆಯಾಯಿತು. ಯುದ್ಧ ಮುಗಿದ ಮೇಲೆ ಇಬ್ಬರೂ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ, ಟಿವಿ ಪರದೆಯಂಥ ಕೊಳವೆಯಲ್ಲಿ ಮಾಹಿತಿ ಹಿಡಿದಿಡುವ ವಿಧಾನ ರೂಪಿಸಿದರು. ಅದನ್ನು ಬಳಸಿದ 'ಬೇಬಿ' ಎಂಬ ಯಂತ್ರ 1948ರ ಜೂನ್ 21ರಂದು, ತನ್ನ ನೆನಪಿನಲ್ಲೇ ಇಟ್ಟುಕೊಂಡ ಪ್ರೋಗ್ರಾಮನ್ನು ನಡೆಸಿತು. ಪ್ರೋಗ್ರಾಮ್ ಬರೆದವರು ಕಿಲ್ಬರ್ನ್. ಯಂತ್ರದ ಮೆಮೊರಿ ಬರೀ 1024 ಬಿಟ್!

ಮೆಮೊರಿಯ ಕೊರತೆ ಮುಂದೆಯೂ ಕಾಡಿತು. ವೇಗದ ಮೆಮೊರಿ ಬಲು ದುಬಾರಿ. ತಿರುಗುವ ಕಾಂತೀಯ ಡ್ರಮ್ ಅಗ್ಗ, ಆದರೆ ನಿಧಾನ. ಯಾವ ಮಾಹಿತಿ ಎಲ್ಲಿರಬೇಕು ಎಂಬುದನ್ನು ಪ್ರೋಗ್ರಾಮ್ ಬರೆಯುವವರೇ ನಿರ್ಧರಿಸಿ, ಅತ್ತಿಂದಿತ್ತ ಸಾಗಿಸಬೇಕಿತ್ತು. ಕಿಲ್ಬರ್ನ್ ತಂಡ ಈ ಹೊರೆಯನ್ನು ಯಂತ್ರದ ಹೆಗಲಿಗೇ ಹಾಕಿತು. 1962ರ ಡಿಸೆಂಬರ್ 7ರಂದು ಉದ್ಘಾಟನೆಯಾದ ಅವರ 'ಅಟ್ಲಾಸ್' ಕಂಪ್ಯೂಟರ್‌ನಲ್ಲಿ ವೇಗದ ಮೆಮೊರಿ ಸುಮಾರು 16 ಸಾವಿರ ಪದಗಳಷ್ಟು, ಡ್ರಮ್ ಸುಮಾರು 98 ಸಾವಿರ ಪದಗಳಷ್ಟು. ಬಳಸುವವರಿಗೆ ಮಾತ್ರ ಎರಡೂ ಸೇರಿ ಒಂದೇ ಮೆಮೊರಿಯಂತೆ ಕಾಣುತ್ತಿತ್ತು. ಮಾಹಿತಿಯನ್ನು 512 ಪದಗಳ 'ಪುಟ'ಗಳಾಗಿ ಒಡೆದು, ಬೇಕಾದ ಪುಟವನ್ನು ಯಂತ್ರವೇ ಡ್ರಮ್‌ನಿಂದ ತರುತ್ತಿತ್ತು. ಸದ್ಯಕ್ಕೆ ಬೇಡವೆನಿಸಿದ್ದನ್ನು ಹಿಂದಕ್ಕೆ ಕಳಿಸುತ್ತಿತ್ತು.

1964ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಬ್ರಿಟನ್ನಿನ ಮೊದಲ ಕಂಪ್ಯೂಟರ್ ವಿಜ್ಞಾನ ವಿಭಾಗ ಆರಂಭವಾದಾಗ ಕಿಲ್ಬರ್ನ್ ಅದರ ಮುಖ್ಯಸ್ಥರಾದರು. 1981ರಲ್ಲಿ ನಿವೃತ್ತರಾಗಿ, 2001ರಲ್ಲಿ ತೀರಿಕೊಂಡರು. 1985ರಲ್ಲಿ ಬಂದ ಇಂಟೆಲ್ 80386 ಚಿಪ್‌ನಲ್ಲೂ ಪುಟಗಳ ಈ ವ್ಯವಸ್ಥೆಯಿತ್ತು. ಹೀಗೆ ಅದು ಮೇಜಿನ ಮೇಲಿನ ಕಂಪ್ಯೂಟರ್‌ಗಳಿಗೂ ತಲುಪಿತು.

ಈಗ ಮೊದಲಿನ ಪ್ರಶ್ನೆ. ರ‍್ಯಾಮ್ ಎಂದರೆ ಅಂಗಡಿಯ ಗಲ್ಲಾದ ಪಕ್ಕದ ಕಪಾಟು. ಡಿಸ್ಕ್‌ನಲ್ಲಿರುವ ಸ್ವಾಪ್ ಫೈಲ್ ಎಂದರೆ ದೂರದ ಗೋದಾಮು. ಗೋದಾಮು ದೊಡ್ಡದಾದರೆ ಹೆಚ್ಚು ಸಾಮಾನು ಹಿಡಿಯುತ್ತದೆ, ಓಡಾಟ ತಪ್ಪುವುದಿಲ್ಲ. ತಿರುಗುವ ಹಾರ್ಡ್ ಡಿಸ್ಕ್‌ನಿಂದ ಮಾಹಿತಿ ಹುಡುಕಿ ತರಲು ರ‍್ಯಾಮ್‌ಗಿಂತ ಸುಮಾರು ಲಕ್ಷ ಪಟ್ಟು ಹೆಚ್ಚು ಸಮಯ ಬೇಕು. ಹಾಗೆಂದು ಸ್ವಾಪ್ ಫೈಲನ್ನು ಪೂರ್ತಿ ತೆಗೆದುಹಾಕುವುದೂ ತಪ್ಪು: ರ‍್ಯಾಮ್ ತುಂಬಿದಾಗ ಪ್ರೋಗ್ರಾಮ್ ಅರ್ಧಕ್ಕೇ ನಿಂತು, ಉಳಿಸದ ಕೆಲಸ ಹಾಳಾಗಬಹುದು.

ಆದ್ದರಿಂದ ಅದರ ಗಾತ್ರವನ್ನು ವಿಂಡೋಸ್ ತಾನೇ ನೋಡಿಕೊಳ್ಳಲು ಬಿಡಿ. ಮೆಮೊರಿ ಸಾಲದೆಂಬ ಸಂದೇಶ ಬರುತ್ತಿದ್ದರೆ, ಡಿಸ್ಕ್‌ನಲ್ಲಿ ಜಾಗವಿದ್ದರೆ ಮಾತ್ರ ಹೆಚ್ಚಿಸಿ. ನಿಜವಾದ ವೇಗ ಬೇಕಿದ್ದರೆ ರ‍್ಯಾಮ್ ಸೇರಿಸಿ, ಇಲ್ಲವೇ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ. ಕಿಲ್ಬರ್ನ್ ಕಟ್ಟಿದ ವ್ಯವಸ್ಥೆ ಚಿಕ್ಕ ಮೆಮೊರಿಯಲ್ಲಿ ದೊಡ್ಡ ಕೆಲಸ ಮಾಡಿಸುತ್ತದೆ. ಡಿಸ್ಕನ್ನು ರ‍್ಯಾಮ್ ಆಗಿಸುವುದಿಲ್ಲ.