ಉರುಳುವ ಗುಂಡು ಏಕೆ ನಿಲ್ಲುತ್ತದೆ?

ಮಕ್ಕಳೇ, ಮಣ್ಣಿನ ಅಂಗಳದಲ್ಲಿ ನೀವು ಉರುಳಿಸಿದ ಗೋಲಿ ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ. ಅದೇ ಗೋಲಿ ಶಾಲೆಯ ನುಣುಪಾದ ನೆಲದ ಮೇಲೆ ಇನ್ನೂ ದೂರ ಹೋಗುತ್ತದೆ. ಹಾಗಾದರೆ ಗೋಲಿ ತಾನಾಗಿಯೇ ನಿಲ್ಲುತ್ತದೆಯೇ, ಯಾವುದಾದರೂ ಅದನ್ನು ನಿಲ್ಲಿಸುತ್ತದೆಯೇ? ಸುಮಾರು 400 ವರ್ಷಗಳ ಹಿಂದೆ ಇಟಲಿಯ ಗೆಲಿಲಿಯೋ ಇಂಥ ಪ್ರಶ್ನೆಯ ಬೆನ್ನು ಹತ್ತಿದನು.

ಅವನು ಹುಟ್ಟಿದ್ದು 1564ರ ಫೆಬ್ರುವರಿ 15ರಂದು, ಪೀಸಾ ನಗರದಲ್ಲಿ. ಸಂಗೀತಗಾರನಾಗಿದ್ದ ತಂದೆಗೆ ಮಗ ವೈದ್ಯನಾಗಲಿ ಎಂಬ ಆಸೆ. ಮಗನಿಗೆ ಹಿಡಿಸಿದ್ದು ಗಣಿತ. ಪದವಿ ಪಡೆಯದೆ ಬಿಟ್ಟುಬಂದ ವಿಶ್ವವಿದ್ಯಾಲಯದಲ್ಲೇ 1589ರಲ್ಲಿ ಗಣಿತದ ಅಧ್ಯಾಪಕನಾದನು!

ಚಲನೆ ಮುಂದುವರಿಯಬೇಕಾದರೆ ಬಲ ಸದಾ ಬೇಕು ಎಂದು ಆಗಿನ ಪಂಡಿತರು ನಂಬಿದ್ದರು. ಗ್ರೀಸಿನ ಅರಿಸ್ಟಾಟಲ್ ಹೇಳಿದ್ದೂ ಅದನ್ನೇ. ಎತ್ತು ನಿಂತರೆ ಗಾಡಿಯೂ ನಿಲ್ಲುತ್ತದೆ ತಾನೇ? ಸರಿ ಎಂದೇ ತೋರುತ್ತದೆ.

ಗೆಲಿಲಿಯೋ ಉದ್ದನೆಯ ಮರದ ಹಲಗೆಯಲ್ಲಿ ಬೆರಳಗಲದ ಕಾಲುವೆ ಕೊರೆಸಿ, ಅದರೊಳಗೆ ನಯವಾದ ಚರ್ಮದ ಹಾಳೆ ಅಂಟಿಸಿದನು. ಹಲಗೆಯನ್ನು ಓರೆಯಾಗಿಟ್ಟು ಕಂಚಿನ ಗುಂಡನ್ನು ಉರುಳಿಬಿಟ್ಟನು. ಸೆಕೆಂಡು ತೋರಿಸುವ ಗಡಿಯಾರ ಆಗ ಎಲ್ಲಿತ್ತು? ಪಾತ್ರೆಯ ತಳದ ಸಣ್ಣ ಕೊಳವೆಯಿಂದ ಸುರಿದ ನೀರನ್ನು ತೂಗಿ ಕಾಲ ಅಳೆದನು! ನೂರು ಸಲ ಮಾಡಿ ನೋಡಿದೆನೆಂದು ಬರೆದಿದ್ದಾನೆ.

ಇಳಿಜಾರಿನಲ್ಲಿ ಗುಂಡಿನ ವೇಗ ಹೆಚ್ಚುತ್ತದೆ. ಏರಿನಲ್ಲಿ ತಗ್ಗುತ್ತದೆ. ಏರೂ ಇಳಿಜಾರೂ ಇಲ್ಲದ ಸಮತಟ್ಟಿನಲ್ಲಿ? ವೇಗ ಹೆಚ್ಚಲು ಕಾರಣವಿಲ್ಲ, ತಗ್ಗಲೂ ಕಾರಣವಿಲ್ಲ. ಅಡ್ಡಿಯೇ ಇಲ್ಲದಿದ್ದರೆ ಗುಂಡು ಉರುಳುತ್ತಲೇ ಇರಬೇಕು ಎಂದು ಅವನು ತರ್ಕಿಸಿದನು. ನಿಮ್ಮ ಗೋಲಿಯನ್ನು ನಿಲ್ಲಿಸುವ ಅಡ್ಡಿಯೇ ಘರ್ಷಣೆ. ಈಗ ಗಾಡಿಯನ್ನು ನೋಡಿ. ಎತ್ತು ಮುಂದಕ್ಕೆ ಎಳೆಯುತ್ತದೆ, ಘರ್ಷಣೆ ಹಿಂದಕ್ಕೆ ತಡೆಯುತ್ತದೆ. ಎರಡೂ ಸಮವಾದಾಗ ಗಾಡಿ ನಿಲ್ಲುವುದಿಲ್ಲ, ಒಂದೇ ವೇಗದಲ್ಲಿ ಸಾಗುತ್ತದೆ! ಬಲಗಳು ಸಮವಾಗಿದ್ದರೆ ನಿಂತ ವಸ್ತು ನಿಂತೇ ಇರುತ್ತದೆ, ಚಲಿಸುವ ವಸ್ತು ಅದೇ ವೇಗದಲ್ಲಿ ನೇರವಾಗಿ ಚಲಿಸುತ್ತಲೇ ಇರುತ್ತದೆ. ಇದನ್ನು ನಿಯಮವಾಗಿ ಬರೆದವನು ನ್ಯೂಟನ್, 1687ರಲ್ಲಿ.

ಇದು ಬರೀ ಗುಂಡಿನ ಮಾತಾಗಿರಲಿಲ್ಲ. ಭೂಮಿ ಚಲಿಸುವುದಾದರೆ ನಾವೇಕೆ ಹಿಂದೆ ಉಳಿಯುವುದಿಲ್ಲ ಎಂದು ಜನ ಕೇಳುತ್ತಿದ್ದರು. ನಾವೂ ಅದರ ಜೊತೆಗೇ ಚಲಿಸುತ್ತಿದ್ದೇವೆ, ಯಾರೂ ನೂಕಬೇಕಾಗಿಲ್ಲ ಎಂಬುದು ಗೆಲಿಲಿಯೋನ ಉತ್ತರ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ವಾದಿಸಿದ್ದಕ್ಕೆ ಚರ್ಚಿನ ನ್ಯಾಯಾಲಯ 1633ರಲ್ಲಿ ರೋಮಿನಲ್ಲಿ ಅವನನ್ನು ವಿಚಾರಣೆಗೆ ಒಳಪಡಿಸಿತು. 69ರ ಮುದುಕ ಮಂಡಿಯೂರಿ ತನ್ನ ಮಾತನ್ನು ಹಿಂದಕ್ಕೆ ಪಡೆಯಬೇಕಾಯಿತು. ಆಮೇಲೆ ಫ್ಲಾರೆನ್ಸಿನ ಬಳಿಯ ಮನೆಯೇ ಸೆರೆಮನೆ. ಮರುವರ್ಷ ಪ್ರೀತಿಯ ಮಗಳು ತೀರಿಕೊಂಡಳು.

ಆ ಮನೆಯಲ್ಲಿ ಕುಳಿತು ಅವನು ತನ್ನ ಹಳೆಯ ಪ್ರಯೋಗಗಳನ್ನೆಲ್ಲ ಪುಸ್ತಕವಾಗಿ ಬರೆದನು. ಇಟಲಿಯಲ್ಲಿ ಅದನ್ನು ಅಚ್ಚು ಹಾಕುವಂತಿರಲಿಲ್ಲ. 1638ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅದು ಅಚ್ಚಾಯಿತು. ಅಷ್ಟು ಹೊತ್ತಿಗೆ ಗೆಲಿಲಿಯೋನ ಎರಡೂ ಕಣ್ಣು ಹೋಗಿದ್ದವು. 1642ರ ಜನವರಿ 8ರಂದು ಸೆರೆಯಲ್ಲಿದ್ದ ಆ ಮನೆಯಲ್ಲೇ ತೀರಿಕೊಂಡನು.